ಗರಡಿ ಮನೆಯ ಮಾತಿನ ಕೂಟ

ಬಹುಕಾಲ ಯಾರೊಂದಿಗೂ ಮಾತನಾಡದಿದ್ದವರ ದನಿ ಬತ್ತಿಹೋಗುತ್ತಿದ್ದ ಕಾಲ ಅದು. ಅದಕ್ಕೆಂದೇ ದಾವಣಗೆರೆಯ ಹಳೆಯ ಗರಡಿ ಮನೆಯಲ್ಲಿ ದಿನವೂ ಸಂಜೆ ವಯಸ್ಸಾದ ಗಂಡಸರ ಮಾತಿನ ಕೂಟ ಸೇರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಬಾಯಿ ಬಿಡದೆ ಕೂತಿದ್ದ ಕೊಟ್ರಪ್ಪನನ್ನು ಗೆಳೆಯ ಹಾಲಪ್ಪ ಎಳೆದುಕೊಂಡು ಬಂದ.

“ಏನಾರ ಮಾತಾಡಲೇ. ನನ್ನ ಬೈದ್ರೂ ಸೈ,” ಎಂದ ಹಾಲಪ್ಪ.

ಕೊಟ್ರಪ್ಪ ಬಾಯಿ ತೆರೆದ. ಬರಿಯ ಉಸಿರು ಹೊರಬಂತು. ನಾಚಿಕೆಯಿಂದ ಎದ್ದವನು ಬಾಗಿಲವರೆಗೆ ಹೋಗಿ, ನಿಂತು, ವಾಪಸ್ಸು ಬಂದು ಕೂತ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಆದರೂ ಬಿಡಲಿಲ್ಲ. ಕೊನೆಗೆ ಒರಟಾದ ದನಿಯೊಂದು ಎದ್ದಿತು.

“ನೀಲಮ್ಮ.”

ಎಲ್ಲರೂ ಅವನತ್ತ ತಿರುಗಿದರು.

“ನನ್ನ ಹೆಂಡ್ತಿ. ಆಕೆ ಬಗ್ಗೆ ಹೇಳ್ತೀನಿ,” ಎಂದ ಕೊಟ್ರಪ್ಪ. “ಮುಗಿಯೋ ತನಕ ಯಾರೂ ಏಳಂಗಿಲ್ಲ.”