ಹೆಗಲ ಮೇಲಿನ ಕೈ

ಫ್ರೆಂಚ್ ಸಿನಿಮಾಕ್ಕೆ ಹೊಸ ದಾರಿ ತೋರಿದ ಆ ಮುದಿ ನಿರ್ದೇಶಕನ ಕಣ್ಣು ಪೂರ್ತಿ ಹೋಗಿರುವುದು ಸಹಾಯಕಿ ಒಡೆಟ್‌ಗೆ ಮಾತ್ರ ಗೊತ್ತಿತ್ತು. ಪ್ರತಿ ಶಾಟ್ ಮುಗಿದಾಗ, ಹಿಂದೆ ನಿಂತ ಅವಳು ಅವನ ಹೆಗಲನ್ನು ಒಂದು ಸಲ ತಟ್ಟಿದರೆ ಓಕೆ. ಎರಡು ಸಲ ತಟ್ಟಿದರೆ ಮತ್ತೊಮ್ಮೆ. ಮೂರು ಚಿತ್ರಗಳು ಹೀಗೇ ಮುಗಿದಿದ್ದವು.

ಅಂದು ನಾಯಕ ಮಹಡಿಯ ಕಂಬಿಗೆ ಒರಗಿ ನಿಂತು, ಆಮೇಲೆ ಮೆಟ್ಟಿಲ ಮೇಲೆ ಉರುಳುವ ದೃಶ್ಯ.

"ಮೇಷ್ಟ್ರೇ, ಕಂಬಿ ಅಲ್ಲಾಡ್ತಿದೆ. ನೀವೇ ಒಂದ್ಸಲ ನೋಡಿ," ಎಂದ ನಟ.

"ಬೆಳಿಗ್ಗೇನೇ ನೋಡಿದ್ದೀನಿ. ಗಟ್ಟಿಯಾಗಿದೆ."

ಒಡೆಟ್ ಎಂದಿನಂತೆ ಅವನ ಹಿಂದೆ ಹೋಗಿ ನಿಂತು ಹೆಗಲ ಮೇಲೆ ಕೈಯಿಟ್ಟಳು.

ಕ್ಯಾಮೆರಾ ಓಡತೊಡಗಿತು. ಕಂಬಿ ಕಿತ್ತುಬಂತು. ಕೆಳಗೆ ಬಿದ್ದ ನಟನ ಕತ್ತು ಹಿಂದಕ್ಕೆ ತಿರುಗಿಹೋಗಿತ್ತು. ಯಾರಿಗೂ ದನಿ ಹೊರಡಲಿಲ್ಲ. ನಿರ್ದೇಶಕನ ಹೆಗಲ ಮೇಲಿದ್ದ ಒಡೆಟ್‌ಳ ಕೈ ಗಡಗಡ ನಡುಗಿತು.

"ಮತ್ತೊಮ್ಮೆ," ಎಂದ ನಿರ್ದೇಶಕ.