ದಿನಕ್ಕೊಂದು, ವಾರಾಂತ್ಯಕ್ಕೊಂದು

ಮೂರನೆಯ ಗಾಡಿಯೂ ಹಿಡಿಸಲಿಲ್ಲ. ಮಾಲತಿ ಹ್ಯಾಂಡಲ್ ಬಿಟ್ಟು ಇಳಿದಳು.

"ಇದಕ್ಕೆ ಎಂತ ಕಡಿಮೆ ಅಕ್ಕ?" ಎಂದಳು ಶ್ರೀಗೌರಿ. ಹೊನ್ನಾವರದ ಹೆದ್ದಾರಿ ಪಕ್ಕದ ಆ ಶೋರೂಮಿನಲ್ಲಿ ಬೈಕ್ ಮಾರುವವರ ಪೈಕಿ ಅವಳೊಬ್ಬಳೇ ಹೆಂಗಸು.

"ಓಟ ಕಡಿಮೆ. ಮುಂದೆ ಹೋಗುವವನನ್ನು ಹಿಡಿಯುವಂಥದ್ದು ಬೇಕು."

ಶ್ರೀಗೌರಿ ನಕ್ಕಳು. "ದಿನದ ಓಡಾಟಕ್ಕೋ, ರಜೆಯ ತಿರುಗಾಟಕ್ಕೋ? ಅದು ಹೇಳಿದರೆ ತೋರಿಸುವುದು ಸುಲಭ."

ಮಾಲತಿ ತನ್ನ ಜೊತೆ ಬಂದಿದ್ದ ಅರ್ಚಿತಾಳ ಮುಖ ನೋಡಿದಳು. "ಎರಡಕ್ಕೂ ಒಂದೇ ಸಾಕು. ದಿನಕ್ಕೊಂದು, ವಾರಾಂತ್ಯಕ್ಕೊಂದು ಇಟ್ಟುಕೊಳ್ಳುವ ಚಟ ನಮಗಿಲ್ಲ."

ಆ ಚಟ ಇದ್ದವನು ಸುದರ್ಶನ, ಮಾಲತಿಯ ಗಂಡ. ಔಷಧ ಕಂಪನಿಯ ಕೆಲಸ; ಬೈಕಿನ ಮೇಲೆ ಭಟ್ಕಳದಿಂದ ಕುಮಟಾದವರೆಗೆ ಆಸ್ಪತ್ರೆ, ಅಂಗಡಿ ಸುತ್ತುವುದು. ಶನಿವಾರ ಕುಮಟಾದ ಮನೆಗೆ ಬಂದರೆ ಸೋಮವಾರ ಬೆಳಿಗ್ಗೆ ಹೊರಟುಬಿಡುತ್ತಿದ್ದ. ಉಳಿದ ದಿನ ಲಾಡ್ಜು ಎನ್ನುತ್ತಿದ್ದ. ಮಿರ್ಜಾನಿನ ಶಾಲೆಗೆ ಹೋಗಿಬರಲು ತನಗೂ ಒಂದು ಬೈಕ್ ಬೇಕೆಂದು ಮಾಲತಿ ಕೇಳಿದಾಗ, "ಹೆಂಗಸರಿಗೆ ಹಿಂದಿನ ಸೀಟು ಇದೆಯಲ್ಲ" ಎಂದು ನಕ್ಕಿದ್ದ. ಆ ಹಿಂದಿನ ಸೀಟಿನಲ್ಲೂ ಅವಳನ್ನು ಕೂರಿಸಿಕೊಂಡು ಹೋದದ್ದು ಅಪರೂಪ.

ಒಂದು ಮಂಗಳವಾರ ಅವನಿಗೆ ಫೋನ್ ಮಾಡಿದಾಗ ಎತ್ತಿದ್ದು ಹೆಣ್ಣು ದನಿ.

"ಅವರಿಗೆ ಜ್ವರ, ಮಲಗಿದ್ದಾರೆ. ನೀವು ಯಾರು?"

"ನಾನು ಅವರ ಹೆಂಡತಿ."

ಆ ಕಡೆಯಿಂದ ಬಂದದ್ದು ಒಂದೇ ಪದ. "ನಾನೂ."

ಅದು ಅರ್ಚಿತಾ. ಭಟ್ಕಳದ ಹತ್ತಿರದ ಹೆಬಳೆಯವಳು. ಸುದರ್ಶನ ತನಗೆ ಹಿಂದುಮುಂದು ಯಾರೂ ಇಲ್ಲವೆಂದು ನಂಬಿಸಿ, ಅವಳನ್ನು ದೇವಸ್ಥಾನದಲ್ಲಿ ಹಾರ ಹಾಕಿ ಕಟ್ಟಿಕೊಂಡಿದ್ದ. ಸೋಮವಾರದಿಂದ ಬುಧವಾರದವರೆಗೆ ಅಲ್ಲಿ, ಶನಿವಾರದಿಂದ ಇಲ್ಲಿ. ನಡುವೆ ಮಾತ್ರ ದುಡಿಮೆ ಇದ್ದೀತು.

ಜುಟ್ಟು ಹಿಡಿದು ಕೇಳುತ್ತೇನೆಂದೇ ಮಾಲತಿ ಹೆಬಳೆಗೆ ಹೋಗಿದ್ದಳು. ಬಾಗಿಲು ತೆಗೆದವಳ ಮುಖ ನೋಡಿದ ಮೇಲೆ ಕೈ ಏಳಲಿಲ್ಲ. ತನ್ನ ಮುಖವೂ ಹಾಗೆಯೇ ಇದ್ದೀತು ಅನ್ನಿಸಿತು. ಜಗಲಿಯಲ್ಲಿ ಕುಳಿತಳು. ಇಬ್ಬರೂ ಅಳಲಿಲ್ಲ.

"ಕೋರ್ಟಿಗೆ ಹೋಗುವುದು ಇದ್ದೇ ಇದ್ದು ಅಕ್ಕ," ಎಂದಿದ್ದಳು ಅರ್ಚಿತಾ. "ಅದಕ್ಕೆ ಮೊದಲು ಒಂದು ಸಲ ಅವನು ನಡುಗುವುದು ನೋಡಬೇಕು."

ಅದಕ್ಕೇ ಈ ಬೈಕು. ಶನಿವಾರ ಕುಮಟಾ ದಾರಿಯ ಹಳದೀಪುರದಲ್ಲಿ ಕಾದು ನಿಲ್ಲುವುದು. ಅವನು ದಾಟಿದ ಕೂಡಲೇ ಹಿಂದೆ ಬೀಳುವುದು. ಅವನ ಕನ್ನಡಿಯಲ್ಲಿ ಇಬ್ಬರೂ ಒಂದೇ ಗಾಡಿಯ ಮೇಲೆ ಕಾಣಬೇಕು, ಕುಮಟಾದವರೆಗೂ ಕಾಣುತ್ತಲೇ ಇರಬೇಕು. ಆಮೇಲೆ ಗಾಡಿ ಮಾಲತಿಯ ಶಾಲೆಗೆ. ರಜೆ ಬಂದರೆ ಇಬ್ಬರೂ ಯಾಣಕ್ಕೆ, ಇನ್ನೆಲ್ಲಿಗೋ.

ನಾಲ್ಕನೆಯದು ಕಪ್ಪು ಬಣ್ಣದ್ದು. ಶರಾವತಿ ಸೇತುವೆಯ ಮೇಲೆ ಮಾಲತಿ ಆಕ್ಸಿಲರೇಟರ್ ತಿರುಗಿಸಿದಳು. ಹಿಂದಿದ್ದ ಅರ್ಚಿತಾ ಅವಳ ಸೊಂಟ ಬಿಗಿಯಾಗಿ ಹಿಡಿದುಕೊಂಡಳು. ಮುಂದಿದ್ದ ಲಾರಿ ಕ್ಷಣದಲ್ಲಿ ಹಿಂದಾಯಿತು.

"ಇದೇ," ಎಂದಳು ಮಾಲತಿ, ವಾಪಸು ಬಂದು.

ಶ್ರೀಗೌರಿ ವಿಮೆಯ ವಿವರ ಬರೆದುಕೊಳ್ಳತೊಡಗಿದಳು. "ನಾಮಿನಿ ಗಂಡನೇ ಅಲ್ವಾ ಅಕ್ಕ? ಹೆಸರು?"

"ಆ ಸುದರ್ಶನನ ಹೆಸರು ಬೇಡ. ಭಟ್ಕಳ, ಕುಮಟಾ ಎಂದು ಔಷಧ ಮಾರುತ್ತ ಸುತ್ತುವವನಿಗೆ ನನ್ನ ವಿಮೆ ಯಾಕೆ? ಇವಳ ಹೆಸರು ಬರಿ."

"ಇವರು ತಂಗಿಯಾ?"

"ಸವತಿ," ಎಂದಳು ಅರ್ಚಿತಾ. ಹೇಳಿಬಿಟ್ಟದ್ದೇ ಹಗುರವಾದಂತೆ ನಕ್ಕಳು.

ಶ್ರೀಗೌರಿ ನಗಲಿಲ್ಲ. ಪ್ರಿಂಟರ್ ನೋಡಿ ಬರುತ್ತೇನೆಂದು ಒಳಗೆ ಹೋದವಳು ಎಷ್ಟೋ ಹೊತ್ತಿಗೆ ಬಂದಳು. ಪರರ ಸಂಸಾರದ ಹೊಲಸು ಕೇಳಿ ಮುಜುಗರವಾಗಿರಬೇಕು ಎಂದುಕೊಂಡಳು ಮಾಲತಿ.

"ಗಾಡಿ ಶುಕ್ರವಾರ ಸಿಕ್ಕಿದರೆ ಸಾಕು," ಎಂದಳು.

"ಶುಕ್ರವಾರ ಬೇಡ ಅಕ್ಕ. ಬುಧವಾರ ಸಂಜೆಯೇ ಬನ್ನಿ. ಇಬ್ಬರೂ ಬನ್ನಿ. ಪೂಜೆ ಮಾಡಿಸಿ ಇಟ್ಟಿರ್ತೇನೆ." ಶ್ರೀಗೌರಿಯ ದನಿ ಗಟ್ಟಿಯಾಗಿತ್ತು.

ಬುಧವಾರ ಬೆಳಿಗ್ಗೆ ಸುದರ್ಶನ ಹೆಬಳೆಯ ಮನೆ ಬಿಟ್ಟ ಮೇಲೆ ಅರ್ಚಿತಾ ಬಸ್ಸು ಹತ್ತಿದಳು. ಸಂಜೆಗೆ ಮಾಲತಿ ಕುಮಟಾದಿಂದ ಬಂದಳು. ಕಪ್ಪು ಬೈಕಿಗೆ ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಮಾಲತಿ ಕೀಲಿ ಕೈಗೆ ತೆಗೆದುಕೊಂಡಳು. ಆಗಲೇ ಅಂಗಳಕ್ಕೆ ಇನ್ನೊಂದು ಬೈಕ್ ಬಂತು. ಆ ಸದ್ದು ಇಬ್ಬರಿಗೂ ಗುರುತು.

ಸುದರ್ಶನ.

ಮಾಲತಿಯ ಶನಿವಾರದ ಲೆಕ್ಕವೆಲ್ಲ ತಲೆಕೆಳಗಾಯಿತು. "ನೀನು ಹೇಳಿದ್ಯಾ ಅವನಿಗೆ?" ಎಂದು ಹಲ್ಲು ಕಚ್ಚಿ ಕೇಳಿದಳು.

"ದೇವರಾಣೆ ಇಲ್ಲ ಅಕ್ಕ!"

ಅವನು ಶಿಳ್ಳೆ ಹಾಕುತ್ತ ಇಳಿದ. ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಭಟ್ಕಳ ಮಲ್ಲಿಗೆ. ಮಾಲತಿಗೆ ಅವನು ಎಂದೂ ಹೂವು ತಂದವನಲ್ಲ. ಅರ್ಚಿತಾಳಿಗೂ ತಂದಿರಲಿಲ್ಲ. ಬಾಗಿಲು ದಾಟಿ ತಲೆ ಎತ್ತಿದವನಿಗೆ ಇಬ್ಬರೂ ಒಟ್ಟಿಗೆ ಕಂಡರು. ಶಿಳ್ಳೆ ನಿಂತಿತು. ಮುಖ ಸುಣ್ಣ ಬಳಿದಂತಾಯಿತು. ಹೊರಕ್ಕೆ ತಿರುಗಿದ, ಅಷ್ಟರಲ್ಲಿ ಶೋರೂಮಿನವರು ಗಾಜಿನ ಬಾಗಿಲು ಎಳೆದು ನಿಂತಿದ್ದರು.

ಶ್ರೀಗೌರಿ ಒಳಗಿನಿಂದ ಬಂದಳು. ಅವನ ಕೈಯಿಂದ ಮಲ್ಲಿಗೆ ತೆಗೆದುಕೊಂಡು ಬೈಕಿನ ಹ್ಯಾಂಡಲಿಗೆ ಸುತ್ತಿದಳು. ಫೋಟೋ ತೆಗೆಯುವವನಿಗೆ ಸನ್ನೆ ಮಾಡಿ, ಮಾಲತಿ, ಅರ್ಚಿತಾ ಇಬ್ಬರ ಪಕ್ಕಕ್ಕೆ ಬಂದು ನಿಂತಳು.

"ಬನ್ನಿ ರೀ, ನಡುವೆ ನಿಂತ್ಕೊಳ್ಳಿ," ಎಂದಳು. "ಮೂವರು ಹೆಂಡತಿಯರೂ ಬಂದಾತು."