ತಕರಾರಿಲ್ಲದ ಪುಸ್ತಕ

ಓದಿದವರೆಲ್ಲ ಒಪ್ಪಿಬಿಟ್ಟರೆ ಪುಸ್ತಕದ ಅಕ್ಷರಗಳು ಮಾಸಿಹೋಗುತ್ತಿದ್ದವು. ಹಾಗಾಗಿ ಬಳ್ಳಾರಿಯ ಆ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಯಾರನ್ನಾದರೂ ಕೂರಿಸಿ ತಕರಾರು ತೆಗೆಸುವ ಪದ್ಧತಿಯಿತ್ತು. ಆದರೆ ಇಂಗ್ಲೆಂಡಿನ ಸರ್ಕಾರಿ ಚರ್ಚಿಗೆ ತಲೆಬಾಗದ ಪಾದ್ರಿಯೊಬ್ಬ ಇನ್ನೂರೈವತ್ತು ವರ್ಷದ ಹಿಂದೆ ಗಾಳಿ, ದೇವರು, ಸ್ವಾತಂತ್ರ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ತಪ್ಪು ಹಿಡಿಯುವವರೇ ಸಿಗಲಿಲ್ಲ. ಗ್ರಂಥಪಾಲಕಿ ಸುಗುಣಾಬಾಯಿ ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದಳು.

ಅಷ್ಟರಲ್ಲಿ ಅದೇ ಪುಸ್ತಕದ ಜಪ್ತಿ ಆದೇಶ ಹಿಡಿದು ಅಧಿಕಾರಿ ಹಂಪಣ್ಣ ಬಂದ. ಪುಸ್ತಕ ತೆರೆದು, “ಆಳೋರನ್ನ ಜನಾನೇ ಇಳಿಸಬೌದಂತೆ. ಇದು ಶುದ್ಧ ತಪ್ಪಮ್ಮ,” ಎಂದ. ಅಕ್ಷರಗಳು ಕಪ್ಪಗೆ ಮೂಡಿದವು. ಸುಗುಣಾ ನಿಟ್ಟುಸಿರುಬಿಟ್ಟಳು.

ಹಂಪಣ್ಣ ಕುರ್ಚಿ ಎಳೆದುಕೊಂಡ. ಮೂರನೆಯ ಪುಟಕ್ಕೆ ಅವನ ತಕರಾರು ನಿಂತಿತು.

“ಸಾಹೇಬ್ರೆ, ಏನಾರ ತಪ್ಪು ಹಿಡೀರಿ,” ಎಂದಳು ಅವಳು.

ಅವನು ಮುಂದಿನ ಪುಟ ತಿರುವಿದ. ಅವನ ಬೆರಳಿನಡಿ ಸಾಲುಗಳು ಒಂದೊಂದಾಗಿ ಮಾಸತೊಡಗಿದ್ದವು.